ಕರಿಯ ನೋಡುತ್ತಿದ್ದ ಬಾಗಿಲು

"ಮೊದಲು ಅವನ ಬಾಯಿಂದ ಕೈ ತೆಗೀರಿ."

ಹೊಲಿಸಿದ ಶರ್ಟು ಒಯ್ಯಲು ಬಂದ ಪಶುವೈದ್ಯನ ದನಿಗೆ ಟೈಲರ್ ಬೆಚ್ಚಿದಳು. ನೆಲದ ಮೇಲೆ ಅವಳ ನಾಯಿ ಕರಿಯ ಕಾಲು ಸೆಟೆದು ಒದ್ದಾಡುತ್ತಿದ್ದ.

"ನಾಲಿಗೆ ನುಂಗಿಬಿಡ್ತಾನೆ..."

"ಯಾವ ನಾಯೀನೂ ನಾಲಿಗೆ ನುಂಗಲ್ಲ. ನಿಮ್ಮ ಬೆರಳು ಹೋಗುತ್ತೆ, ಅಷ್ಟೇ. ಗಡಿಯಾರ ನೋಡ್ತಿರಿ. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ ಓಡಬೇಕು."

ಅವನು ನಾಯಿಗೆ ತಾಗದಂತೆ ಹೊಲಿಗೆ ಯಂತ್ರ ಸರಿಸಿ, ಬೆಳಕು ತಗ್ಗಿಸಲು ಪರದೆ ಎಳೆದ. ಎರಡು ನಿಮಿಷಕ್ಕೆ ಕರಿಯ ಶಾಂತನಾದ.

ಅಂದಿನಿಂದ ದಿನಕ್ಕೆರಡು ಮಾತ್ರೆ. ಫಿಟ್ಸ್ ಬಂದ ದಿನ ಬರೆದಿಡಲು ಒಂದು ನೋಟ್‌ಬುಕ್. ಅದನ್ನು ನೋಡುವ ನೆಪದಲ್ಲಿ ವಾರಕ್ಕೊಮ್ಮೆ ಡಾಕ್ಟರ್, ಕೈಯಲ್ಲಿ ಗುಂಡಿ ಇಲ್ಲದ ಶರ್ಟು.

"ಡಾಕ್ಟ್ರೇ, ಈ ಗುಂಡಿ ಉದುರಿದ್ದಲ್ಲ. ಬ್ಲೇಡಲ್ಲಿ ಕುಯ್ದಿದೀರ."

"ದಾರ ಕಳಪೆ," ಎಂದ ಅವನು, ತಲೆ ಎತ್ತದೆ.

ಎರಡು ತಿಂಗಳು ಫಿಟ್ಸ್ ಬರಲಿಲ್ಲ. ಅವಳಿಗೆ ಸಹಿಸಲಾಗದ್ದು ಅದೇ...

ಮೊದಲೆಲ್ಲ ಫಿಟ್ಸ್‌ಗೆ ಮುಂಚೆ ಕರಿಯ ಅವಳ ಅಣ್ಣನ ಕೋಣೆಯ ಮುಚ್ಚಿದ ಬಾಗಿಲನ್ನು ದಿಟ್ಟಿಸುತ್ತಿದ್ದ. ಸಣ್ಣಗೆ ಕುಂಯ್‌ಗುಟ್ಟುತ್ತಿದ್ದ. ಅವನನ್ನು ಮರಿಯಿಂದ ಸಾಕಿದ ಅಣ್ಣ ತೀರಿಕೊಂಡು ವರ್ಷವಾಗಿತ್ತು. 'ಅಣ್ಣ ಬಂದಿದ್ದಾನೆ' ಎಂದುಕೊಳ್ಳುತ್ತಿದ್ದಳು ಅವಳು. ಮಾತ್ರೆ ಶುರುವಾದ ಮೇಲೆ ಕರಿಯ ಆ ಬಾಗಿಲ ಕಡೆ ತಿರುಗಲೇ ಇಲ್ಲ.

ಅವಳು ಮಾತ್ರೆ ನಿಲ್ಲಿಸಿದಳು.

ಕೆಲವೇ ದಿನಗಳಲ್ಲಿ ಕರಿಯ ಮತ್ತೆ ಬಾಗಿಲ ಮುಂದೆ ನಿಂತ. ಅವಳೂ ಹಿಂದೆ ಕೂತಳು. "ಅಣ್ಣಾ..."

ಕರಿಯ ಬಿದ್ದ. ಎಚ್ಚರವಾಗುವ ಮೊದಲೇ ಮತ್ತೊಂದು ಫಿಟ್ಸ್. ಮತ್ತೂ ಒಂದು.

ಆಸ್ಪತ್ರೆಯಲ್ಲಿ ಡಾಕ್ಟರ್ ಸೂಜಿ ಚುಚ್ಚುತ್ತ ಕೇಳಿದ. "ಮಾತ್ರೆ ತಪ್ಪಿಸಿದ್ರಾ?"

"ಇಲ್ಲ."

"ಹಾಗಾದ್ರೆ ಆ ಮಾತ್ರೆ ಸೋತಿದೆ. ಬೇರೆ ಔಷಧಿಗೆ ಹೋಗ್ಬೇಕು. ಇವನು ತಡಕೊಳ್ತಾನೋ ಇಲ್ವೋ..."

'ಇವನೂ ಹೋದರೆ?'

"ನಿಲ್ಲಿಸಿದ್ದು ನಾನೇ," ಎಂದಳು. ಬಾಗಿಲಿನ ವಿಷಯವನ್ನೂ ಹೇಳಿದಳು.

ಅವನ ಮುಖ ಬಿಗಿಯಿತು. "ಥಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಅಂತ ಹೇಳಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಫಿಟ್ಸ್‌ಗೆ ಮುಂಚೆ ಕೆಲವು ನಾಯಿಗಳು ಹಾಗೆ ದಿಟ್ಟಿಸುತ್ವೆ."

"ಗೊತ್ತಿತ್ತು... ಗೊತ್ತಿದ್ದೂ ಮಾಡಿದೆ."

ಬೇರೆ ಔಷಧಿ ಬೇಕಿರಲಿಲ್ಲ. ಅದೇ ಮಾತ್ರೆಯ ಔಷಧಿಯನ್ನು ಅವನು ನರಕ್ಕೇ ಚುಚ್ಚಿದ. ಸಂಜೆಗೆ ಕರಿಯ ತಲೆ ಎತ್ತಿ ನೀರು ನೆಕ್ಕಿದ.

ಡಾಕ್ಟರ್ ಅವಳ ಪಕ್ಕ ಬೆಂಚಿನ ಮೇಲೆ ಕುಳಿತ. "ಅಣ್ಣನ್ನ ಈ ನಾಯಿ ಕೈಲಿ ಹುಡುಕಿಸಬೇಡಿ. ನಾನು ಅವರನ್ನ ನೋಡಿಲ್ಲ. ನನಗೆ ಹೇಳಿ."

"ಅದು ಒಂದು ದಿನಕ್ಕೆ ಮುಗಿಯಲ್ಲ, ಡಾಕ್ಟ್ರೇ."

"ಒಂದು ದಿನಕ್ಕೆ ನಾನೆಲ್ಲಿ ಕೇಳ್ದೆ?"

ಅವನ ಅಂಗೈ ಬಿಚ್ಚಿಕೊಂಡಿತ್ತು. ಅವಳು ತನ್ನ ಕೈ ಅದರಲ್ಲಿಟ್ಟಳು.

"ಅಣ್ಣ ನಕ್ಕರೆ ಸದ್ದೇ ಬರ್ತಿರಲಿಲ್ಲ," ಎಂದು ಶುರು ಮಾಡಿದಳು. "ಬರೀ ಭುಜ ಕುಣಿಯೋದು..."