ಅತ್ತೆಗೆ ಹತ್ತು ನಿಮಿಷ

ಅಲಾರಾಂ ಹೊಡೆದುಕೊಂಡ ಕೂಡಲೇ ಮಾಲಾ ಅತ್ತೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಎದ್ದು ನಿಂತಳು.

"ಇನ್ನೊಂದ್ ಗಳಿಗೆ ಕುಂತ್ಕೊಳೆ..." ಎಂದರು ಹಾಸಿಗೆ ಹಿಡಿದಿದ್ದ ದೇವಿರಮ್ಮ.

"ಹತ್ತು ನಿಮಿಷ ಆಯ್ತು ಅತ್ತೆ. ನಿಮ್ಮದೇ ಗಡಿಯಾರ. ಒಂದು ನಿಮಿಷಾನೂ ಮೋಸ ಮಾಡಲ್ಲ ಅದು."

ಆ ಮಾತನ್ನು ಆಡುವಾಗ ಮಾಲಾಳ ಎದೆಯಲ್ಲಿ ಎಂಥ ತಂಪು! ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ. ಹೆಚ್ಚೆಂದರೆ ಮೂರು ತಿಂಗಳು ಎಂದು ಡಾಕ್ಟರು ಹೇಳಿಯಾಗಿತ್ತು. ಊಟ, ಔಷಧಿ, ಸ್ನಾನ ಯಾವುದಕ್ಕೂ ಕೊರತೆಯಿರಲಿಲ್ಲ. ಅದಕ್ಕೆಲ್ಲ ಹಗಲು ಹೊತ್ತು ಪುಟ್ಟಬಸಮ್ಮ ಎಂಬಾಕೆಯನ್ನು ಗೊತ್ತುಮಾಡಿದ್ದರು. ಇಡೀ ಕುಂಬಾರಕೊಪ್ಪಲು ಬಂದು ನೋಡಲಿ, ಸೊಸೆಯ ಮೇಲೆ ಬೆರಳು ತೋರಿಸುವ ಹಾಗಿರಲಿಲ್ಲ. ಕೊಡದೆ ಇದ್ದದ್ದು ಒಂದೇ, ಹೊತ್ತು.

ಅದಕ್ಕೊಂದು ಕಾನೂನನ್ನೂ ಅವಳ ಗಂಡನೇ ಬರೆದುಕೊಟ್ಟಿದ್ದ. ರಾಜೇಶನ ಕಂಪನಿಯಲ್ಲಿ ಒಂದು ದಿನದ ತರಬೇತಿ ಆಗಿತ್ತಂತೆ. ಅಲ್ಲಿಂದ ನಾಲ್ಕು ಬಣ್ಣದ ಪೆನ್ನು ತಂದು, ಮನೆಯವರ ಇಡೀ ದಿನವನ್ನು ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ ಹಾಗೆ ಹೆಚ್ಚಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. "ಬ್ಯಾಲೆನ್ಸ್ ಮಾಲಾ, ಬ್ಯಾಲೆನ್ಸ್! ಕೆಲಸಕ್ಕೂ ಮನೆಗೂ ಸಮ ಪಾಲು!" ಬೆಳಗ್ಗೆ ತನ್ನ ಅವ್ವನಿಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಮಗಳು ಸಿಂಚನಳಿಗೆ ಅರ್ಧ ಗಂಟೆ. ವಾಕಿಂಗಿಗೆ ಇಪ್ಪತ್ತು. ಸಮಪಾಲಂತೆ, ಸಮಪಾಲು! ಮೂರೇ ತಿಂಗಳು ಉಳಿದಿರುವ ಹೆತ್ತವಳಿಗೂ ವಾಕಿಂಗಿಗೂ ಒಂದೇ ಹಸಿರು ಬಣ್ಣ ಬಳಿದ ಮಹಾರಾಯನಿಗೆ ಏನು ಹೇಳೋಣ? ಬೇರೆ ದಿನವಾಗಿದ್ದರೆ ಮಾಲಾ ಆ ಹಾಳೆಯನ್ನು ಹರಿದು ಒಲೆಗೆ ಹಾಕುತ್ತಿದ್ದಳು. ಅಂದು ಮಾತ್ರ ಓದಿ ನಕ್ಕಳು. ಅಟ್ಟದ ಮೇಲಿದ್ದ ಹಳೆಯ ಅಲಾರಾಂ ಗಡಿಯಾರವನ್ನು ಇಳಿಸಿ, ಧೂಳು ಒರೆಸಿ, ಹೊಸ ಸೆಲ್ಲು ಹಾಕಿದಳು.

ಆ ಗಡಿಯಾರದ ಕಥೆ ಆರು ವರ್ಷ ಹಿಂದಿನದು. ಆಗ ಮಾಲಾಳ ತಾಯಿ ಮಹದೇವಮ್ಮ ಕೃಷ್ಣಮೂರ್ತಿಪುರಂನ ಬಾಡಿಗೆ ಮನೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಳು. ತವರಿಗೆ ಹೊರಟ ಸೊಸೆಯ ಎದುರಿಗೇ ದೇವಿರಮ್ಮ ಅಲಾರಾಂ ತಿರುಗಿಸುತ್ತಿದ್ದರು. "ಎರಡು ಗಂಟೆ. ಇದು ಹೊಡ್ಕೊಳೋ ಹೊತ್ಗೆ ಹೊಸ್ತಿಲ ಮೇಲಿರ್ಬೇಕು." ಎರಡು ಗಂಟೆಯಲ್ಲಿ ಒಂದೂಕಾಲು ಗಂಟೆಯನ್ನು ಸಿಟಿ ಬಸ್ಸೇ ನುಂಗುತ್ತಿತ್ತು. ಕೊನೆಯ ಸಂಜೆ ಅವ್ವ ಸೆರಗು ಹಿಡಿದುಕೊಂಡು, "ಇನ್ನೊಂದ್ ಗಳಿಗೆ ಕುಂತ್ಕೊ ಮಗ..." ಎಂದಿದ್ದಳು. ಮಾಲಾ ಕೂತಳು, ಆದರೆ ಕಣ್ಣೆಲ್ಲ ಅಲ್ಲಿನ ಗೋಡೆ ಗಡಿಯಾರದ ಮೇಲೆಯೇ! ಆಮೇಲೆ ಸೆರಗು ಬಿಡಿಸಿಕೊಂಡು ಓಡಿದಳು. ಮನೆ ಮುಟ್ಟಿದಾಗ ಏಳು ನಿಮಿಷ ತಡ. ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ ಬೈದರು, ಬೈದರು, ಬೀದಿಯವರೆಲ್ಲ ಕೇಳುವಂತೆ ಬೈದರು. ಆ ಬೈಗುಳ ಮುಗಿಯುವ ಮೊದಲೇ ಅತ್ತ ಅವ್ವನ ಉಸಿರು ನಿಂತಿತ್ತು. ಇದನ್ನು ಯಾವ ಮಗಳು ಮರೆಯುತ್ತಾಳೆ? ಮಾಲಾ ಮರೆತಿರಲಿಲ್ಲ.

ಹತ್ತು ನಿಮಿಷದ ಲೆಕ್ಕ ಶುರುವಾಗಿ ಒಂದು ತಿಂಗಳು ಕಳೆದಿತ್ತು. ಒಂದು ಬೆಳಗ್ಗೆ ದೇವಿರಮ್ಮ ಇದ್ದಕ್ಕಿದ್ದಂತೆ ಹೇಳಿದರು:

"ಅವತ್ತು ನಿಮ್ಮವ್ವ ನಂಗೆ ಫೋನ್ ಮಾಡಿದ್ಲು ಕಣೆ. ನೀನು ಬಸ್ನಲ್ಲಿದ್ದಾಗ. ಪಕ್ಕದ್ಮನೆಯೋರ ಫೋನಿಂದ. ಒಂದು ಮಾತು ಹೇಳುದ್ಲು."

ಮಾಲಾ ಹಾಸಿಗೆಯ ಕಡೆ ಬಾಗಿದಳು. "ಏನು ಮಾತು?"

"ಹಿಂಗೆ ಗಡಿಯಾರ ಇಟ್ಕೊಂಡ್ರೆ ಆ ಮಾತು ಬಾಯಿಗ್ ಬರಲ್ಲ. ಅದನ್ನ ಆಚೆಗಿಟ್ಟು ಕುಂತ್ಕೊ, ಹೇಳ್ತೀನಿ."

"ಓಹೋ! ಕೂರಿಸ್ಕೊಳೋಕೆ ಒಳ್ಳೆ ಉಪಾಯ ಮಾಡಿದೀರ! ಹೇಳೋದಿದ್ರೆ ಹತ್ತು ನಿಮಿಷದಲ್ಲಿ ಹೇಳಿ. ಇಲ್ದಿದ್ರೆ ಬುಡಿ!"

ದೇವಿರಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಸಾವು ಬಂದು ಬಾಗಿಲಲ್ಲಿ ಕೂತಿದ್ದರೂ ಈ ಹಟವೇ? ಒಬ್ಬರಿಗೆ ಹೊತ್ತು ಕೊಡಲು ಮನಸ್ಸಿಲ್ಲ, ಇನ್ನೊಬ್ಬರಿಗೆ ಮಾತು ಕೊಡಲು ಮನಸ್ಸಿಲ್ಲ! ಮೂರು ವಾರ ಹೀಗೇ ನಡೆಯಿತು. ಅವ್ವನ ಕೊನೆಯ ಮಾತು ಒಂದು ಮಾರು ದೂರದಲ್ಲಿ ಮಲಗಿತ್ತು, ಮಾಲಾ ದಿನಕ್ಕೆರಡು ಸಲ ಅದನ್ನು ಬಿಟ್ಟು ಎದ್ದು ಹೋಗುತ್ತಿದ್ದಳು.

ಅವಳದು ಮೇನ್ ರೋಡಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಮದುವೆಯ ಕಾಲ, ಮೆಷಿನ್ನಿನ ಸುತ್ತ ಬಟ್ಟೆಯ ಗುಡ್ಡೆ. ಆ ಗುರುವಾರ ಹನ್ನೊಂದು ಗಂಟೆಗೆ ಪುಟ್ಟಬಸಮ್ಮನ ಫೋನ್ ಬಂತು. "ಡಾಕ್ಟ್ರು ಬಂದು ನೋಡ್ಕೊಂಡ್ ಹೋದ್ರು ಕಣಮ್ಮ. ನಾಳೆ ನಾಡಿದ್ದರೊಳಗೆ ಮಾತು ನಿಂತೋಗ್ಬೋದಂತೆ."

ಮಾಲಾ ಮತ್ತೆ ಮೆಷಿನ್ ತುಳಿದಳು. ನಿಂತು ಹೋಗಲಿ! ಆ ನಾಲಿಗೆ ನಿಂತರೆ ನನಗೇನು? ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ನೋಡಿಕೊಂಡರೆ ಬಲಗೈ ತೋಳನ್ನು ಎಡಕ್ಕೆ ಕೂಡಿಸಿದ್ದಳು. ಬಿಚ್ಚಿ ಮತ್ತೆ ಕೂಡಿಸಿದಳು, ಮತ್ತೆ ಅದೇ ತಪ್ಪು. ಕಣ್ಣು ಮಂಜಾಗಿತ್ತು. ಅವ್ವನ ಮಾತು ಈ ಮುದುಕಿಯ ಗಂಟಲಲ್ಲೇ ಸುಟ್ಟು ಹೋಗಿಬಿಟ್ಟರೆ...? ಅವಳು ಎದ್ದು ಶಟರ್ ಎಳೆಯತೊಡಗಿದಳು.

"ಇದೇನಮ್ಮ, ನಾಳೆ ನಮ್ಮನೇಲಿ ಚಪ್ಪರ!" ಎಂದು, ಆ ಬ್ಲೌಸುಗಳನ್ನು ಹೊಲಿಯಲು ಕೊಟ್ಟಿದ್ದ ಮದುಮಗಳ ತಾಯಿ ಓಡಿ ಬಂದಳು.

"ತಪ್ಪು ನಂದೇ. ಬಟ್ಟೆ ತಗೊಂಡು ಬೇರೆ ಕಡೆ ಕೊಡಿ. ಇನ್ನು ನಾನು ಅಂಗಡಿ ತೆಗೆಯೋದು ಯಾವಾಗಲೋ ಗೊತ್ತಿಲ್ಲ."

"ಇನ್ಮೇಲೆ ನಿನ್ ಅಂಗಡಿ ಮೆಟ್ಲು ಹತ್ತುದ್ರೆ ಕೇಳು!"

ಹತ್ತದಿದ್ದರೆ ಬೇಡ ಎನ್ನುವಷ್ಟು ವ್ಯವಧಾನವೂ ಅವಳಿಗಿರಲಿಲ್ಲ. ಮನೆಗೆ ಓಡಿ ಬಂದು, ಪುಟ್ಟಬಸಮ್ಮನನ್ನು ಹೊರಗೆ ಕಳಿಸಿ, ಸೆಲ್ಲು ಕಿತ್ತು ಗಡಿಯಾರವನ್ನು ಕಿಟಕಿಯ ಮೇಲಿಟ್ಟಳು. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು.

"ಹೇಳಿ ಅತ್ತೆ."

ದೇವಿರಮ್ಮನ ದನಿ ಇಳಿದು ಹೋಗಿತ್ತು. ಒಂದೊಂದು ಮಾತಿಗೂ ನಿಂತು, ಉಸಿರು ತೆಗೆದುಕೊಂಡು ಹೇಳಿದರು.

"'ದೇವಿರಮ್ಮೋರೆ, ನನ್ ಮಗಳು ಇವತ್ತು ಒಸಿ ತಡ್ವಾಗಿ ಬತ್ತಾಳೆ' ಅಂದ್ಲು. 'ಅವ್ಳ ತಪ್ಪಲ್ಲ, ನಾನೇ ಸೆರಗ್ ಹಿಡ್ಕೊಂಡ್ಬುಟ್ಟೆ. ಬಯ್ಬೇಡಿ. ಬಯ್ದ್ರೆ ಅವ್ಳು ಉಣ್ಣದೆ ಮಲೀಕೊಂಡ್ಬುಡ್ತಾಳೆ...' ಅಷ್ಟೇ ಕಣೆ. ನಾನು, 'ಆಯ್ತು, ಬಯ್ಯಲ್ಲ' ಅಂತ ಮಾತು ಕೊಟ್ಟೆ. ನೀನು ಬಂದೆ..."

"ಮಾತು ಕೊಟ್ಟಿದ್ರಾ? ಕೊಟ್ಟೂ ಬೈದ್ರಾ?"

"ನಮ್ಮವ್ವ ಸಾಯುವಾಗ ಈ ಮನೆಯೋರು ನನ್ನ ಎರಡು ಗಂಟೆಗೂ ಕಳುಸ್ನಿಲ್ಲ ಕಣೆ. ನನ್ ಪರವಾಗಿ ಯಾರೂ ಹಂಗೆ ಕೇಳ್ನಿಲ್ಲ. ನಿನ್ ಪರವಾಗಿ ಕೇಳೋಕೆ ಒಬ್ಳು ಇದ್ದಾಳಲ್ಲಾ ಅಂತ ಹೊಟ್ಟೆ ಉರೀತು."

ಅಯ್ಯೋ ಅವ್ವಾ! ಉಳಿದಿದ್ದ ನಾಲ್ಕು ಉಸಿರನ್ನೂ ಈ ಹೆಂಗಸಿನ ಕಾಲಿಗೆ ಬಿದ್ದು ಬೇಡಲು ಖರ್ಚು ಮಾಡಿದೆಯಾ? ಅದೂ ನನ್ನ ಒಂದು ಹೊತ್ತಿನ ಊಟಕ್ಕಾಗಿ! ಮಾಲಾ ಧಡಕ್ಕನೆ ಎದ್ದಳು. ಆ ಗಡಿಯಾರವನ್ನು ಎತ್ತಿ ಅತ್ತೆಯ ಮುಖಕ್ಕೇ ಎಸೆಯಬೇಕೆನಿಸಿತು. ಕೈ ಕಿಟಕಿಯ ತನಕವೂ ಹೋಯಿತು. ಬಿಕ್ಕುತ್ತಾ ಬಾಗಿಲು ದಾಟಿ ಅಡುಗೆಮನೆಗೆ ಬಂದರೆ, ಫ್ರಿಜ್ಜಿನ ಮೇಲೆ ಗಂಡನ ಹಸಿರು, ಕೆಂಪು, ನೀಲಿ ಗೆರೆಗಳು. ಸಿಂಚನ, ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲೂ ಮಗಳು ಶಾಲೆಯ ಸುದ್ದಿ ಹೇಳುತ್ತಿದ್ದರೆ, ಇವಳು ಸಂಜೆಯ ಅಲಾರಾಂಗೆ ಅತ್ತೆಯ ಮುಖ ಹೇಗಾಗುತ್ತದೆ ಎಂದೇ ಯೋಚಿಸುತ್ತಿದ್ದಳು. ಮಾಲಾ ಹಾಳೆಯನ್ನು ಕಿತ್ತು ಮುದುರಿ ಮೂಲೆಗೆಸೆದಳು. ಕಣ್ಣೊರೆಸಿಕೊಂಡು ವಾಪಸ್ಸು ಬಂದಳು.

"ಅತ್ತೆ, ನಿಮ್ಮನ್ನ ಕ್ಷಮಿಸೋಕೆ ನನ್ ಕೈಲಿ ಆಗಲ್ಲ."

"ಬ್ಯಾಡ ಬುಡು..."

"ಆರು ವರ್ಷದಿಂದ ನಿಮ್ಮನ್ನೇ ನೆನ್ಕೊಂಡು ಬದುಕ್ಬುಟ್ಟೆ. ಹೆತ್ತ ಮಗಳಿಗೂ ಅಷ್ಟು ಹೊತ್ತು ಕೊಟ್ಟಿಲ್ಲ ನಾನು. ಇನ್ನು ಒಂದು ಗಳಿಗೇನೂ ಆ ಉರಿಗೆ ಕೊಡಲ್ಲ. ನಿಮಗೋಸ್ಕರ ಅಲ್ಲ ಕಣ್ರೀ, ನನಗೋಸ್ಕರ!"

"ಹಂಗಾದ್ರೆ ಎದ್ದೋಯ್ತೀಯಾ?"

"ಇಲ್ಲ. ಕೂತ್ಕೋತೀನಿ. ಸಿಂಚನ ಸ್ಕೂಲಿಂದ ಬಂದ್ರೆ ಅವಳೂ ಇಲ್ಲೇ ಕೂತ್ಕೋತಾಳೆ."

ದೇವಿರಮ್ಮನ ಕಣ್ಣಿನ ಕೊನೆಯಿಂದ ನೀರು ಇಳಿದು ದಿಂಬು ಒದ್ದೆಯಾಯಿತು. ಆಮೇಲೆ ಅವರು, ಸೊಸೆ ಮದುವೆಯಾಗಿ ಬಂದ ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಕೇಳದೆ ಇದ್ದದ್ದನ್ನು ಕೇಳಿದರು.

"ಮಧ್ಯಾಹ್ನಕ್ಕೆ ಉಂಡ್ಯೇನೆ?"

ಮಾಲಾ ಇಲ್ಲ ಎಂದು ತಲೆಯಾಡಿಸಿದಳು.

"ಹೋಗು, ಇಕ್ಕೊಂಡ್ ಬಾ. ಇಲ್ಲೇ ಕುಂತ್ಕೊಂಡು ಉಣ್ಣು. ನಾ ನೋಡ್ಬೇಕು."

ಮಾಲಾ ತಟ್ಟೆಗೆ ಬೆಳಗಿನ ಮುದ್ದೆ, ಸಾರು ಹಾಕಿಕೊಂಡು ಬಂದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು. ಮೊದಲ ತುತ್ತಿಗೇ ನೀರು ಕುಡಿದಳು. ಅಳುತ್ತಲೇ, ಒಂದು ತುತ್ತನ್ನೂ ಬಿಡದೆ ಉಂಡಳು.