ಸ್ಟೀಲ್ ಕೊಡದ ಮೇಲೆ ವಿಠ್ಠಲ

ಮೊದಲ ಭೇಟಿಯಲ್ಲೇ ನಾನು ವಿಠ್ಠಲನ ಕೆನ್ನೆಗೆ ಬಾರಿಸಿದ್ದೆ. ಸುಳ್ಳೇಕೆ ಹೇಳಲಿ?

ಎಂಬತ್ತಾರನೇ ಇಸವಿ. ಆದೋನಿ ಬಜಾರಿನ ಪಾತ್ರೆ ಅಂಗಡಿಯ ಮುಂದೆ ಕೂತು, ಸ್ಟೀಲ್ ಪಾತ್ರೆಗಳ ಮೇಲೆ ಕರೆಂಟಿನ ಮೆಷಿನ್ನಿಂದ ಹೆಸರು ಕೊರೆಯುವುದು ನನ್ನ ಕೆಲಸ. ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ನನ್ನ ಮೆಷಿನ್ ಎತ್ತಿ ಹಿಡಿದಿದ್ದ. ಕಳ್ಳನೇ ಸರಿ ಎಂದುಕೊಂಡು ಕೈ ಬೀಸಿಯೇಬಿಟ್ಟೆ.

"ಅಯ್ಯೋ, ಸೂಜಿ ನೋಡ್ಲಿಕತ್ತಿದ್ದೆರಿ!"

ತುಟಿಯಲ್ಲಿ ರಕ್ತ, ಕಣ್ಣಲ್ಲಿ ನಗು. ಆ ನಗುವಿಗೆ ಇನ್ನೊಂದು ಬಾರಿಸಬೇಕು ಅನ್ನಿಸಿತು.

ಅವನು ನಮ್ಮ ಗಿರಾಕಿ ಅಂಬೂಬಾಯಿಯವರ ಮಗ, ವಿಠ್ಠಲ. ಹೈದರಾಬಾದಿನ ಲ್ಯಾಬೊಂದರಲ್ಲಿ ಕೆಲಸ. ರಜೆಗೆ ಬಂದವನು ತಾಯಿಯ ಡಬ್ಬಿಗಳಿಗೆ ಹೆಸರು ಹಾಕಿಸಲು ಬಂದಿದ್ದ.

"ನಮ್ಮ ಲ್ಯಾಬಿನಾಗ ಇದೇ ಕೆಲಸ ಬೆಳಕು ಮಾಡ್ತದ. ಲೇಸರ್ ಅಂತಾರ."

"ಬೆಳಕು ಸ್ಟೀಲ್ ಕೊರೀತೈತಾ? ಇನ್ನೊಂದು ಏಟು ಬೇಕೇನ್ರಿ?"

"ಖರೇರಿ. ಎರಡು ರೀತಿ ಅದ. ಡಿಸೈನ್ ಕತ್ತರಿಸಿದ ತಗಡಿನೊಳಗಿಂದ ಬೆಳಕು ಬಿಟ್ರ, ಇಡೀ ಹೆಸರು ಒಂದೇ ಸಲಕ್ಕ ಮೂಡ್ತದ. ಇಲ್ಲಾಂದ್ರ ಕನ್ನಡಿ ತಿರುಗಿಸಿ, ನಿಮ್ಮ ಹಂಗ ಒಂದೊಂದೇ ಅಕ್ಷರ ಬರೀಬೇಕು."

"ಯಾವುದು ಚಲೋ?"

"ಮೊದಲನೇದು ಬೇಗ, ಆದ್ರ ಸಾವಿರ ಡಬ್ಬಿಗೂ ಅದೇ ಹೆಸರು. ಎರಡನೇದು ನಿಧಾನ, ಮನಸ್ಸಿಗೆ ಬಂದ ಹೆಸರು ಬರೀಬಹುದು. ನನಗ ನಿಧಾನದ್ದೇ ಸೇರ್ತದ."

ಹಾಗೆಂದು ನನ್ನ ಬೆರಳುಗಳನ್ನೇ ನೋಡಿದ. ಅವತ್ತು ಅಂಬೂಬಾಯಿಯ 'ಅಂ' ಸೊಟ್ಟಗಾಯಿತು.

ಮರುದಿನ ಮುಚ್ಚಳ ತಂದ. ಆಮೇಲೆ ದಿನಕ್ಕೊಂದು ಚಮಚ.

"ಮನ್ಯಾಗ ಇನ್ನೆಷ್ಟು ಚಮಚ ಅದಾವ್ರಿ?"

"ಮುಗದ್ವು. ನಾಳೆ ಪಕ್ಕದ ಮನೀವು ತರ್ತೀನಿ."

ನನ್ನಣ್ಣ ಮಾರೆಣ್ಣ ಉಳಿ-ಸುತ್ತಿಗೆಯಿಂದ ತಾಮ್ರ, ಹಿತ್ತಾಳೆಗೆ ಹೆಸರು ಹೊಡೆಯುವವನು. ನನ್ನ ಮೆಷಿನ್ ಬಂದ ಮೇಲೆ ಅವನ ಉಳಿಯನ್ನು ಕೇಳುವವರಿರಲಿಲ್ಲ. ಆ ಸಿಟ್ಟೆಲ್ಲ ನನ್ನ ಬೆನ್ನಿನ ಮೇಲೆ. ಹಾಲಹರವಿಯ ಯಂಕಣ್ಣನಿಗೆ ನನ್ನನ್ನು ಕೊಡುವುದೆಂದು ಮಾತು ಮುಗಿಸಿ, ಮದುವೆಯ ಪಾತ್ರೆಗಳನ್ನು ನನ್ನ ಮುಂದೆಯೇ ಗುಡ್ಡೆ ಹಾಕಿದ.

"ನಿನ್ನ ಹೆಸರು, ಅವನ ಹೆಸರು. ಬರಿ."

ಒಲ್ಲೆ ಎಂದದ್ದಕ್ಕೆ ಬೆಲ್ಟ್ ಬಿಚ್ಚಿದ. ಅವತ್ತು ರಾತ್ರಿ ಬೋರಲಾಗಿಯೇ ಮಲಗಿದೆ.

ಬೆಳಿಗ್ಗೆ ಅಂಗಡಿಯ ಮುಂದೆ ಎಲ್ಲಕ್ಕಿಂತ ದೊಡ್ಡ ಕೊಡ ಎಳೆದುಕೊಂಡು ಬರೆದೆ: ಹುಲುಗಮ್ಮ, ವಿಠ್ಠಲ. ಇನ್ನೊಬ್ಬನ ಹೆಸರು ಕೊರೆದ ಕೊಡವನ್ನು ಯಾವ ಬೀಗರೂ ಹೊಸಿಲು ದಾಟಿಸುವುದಿಲ್ಲ. ಗೊತ್ತಿದ್ದೇ ಬರೆದೆ.

ಅಣ್ಣ ಓದಿದ. "ಏಮೇ, ಯಾರೇ ಈ ವಿಠ್ಠಲ?"

ಸುತ್ತಿಗೆಯಿಂದ ಕೊಡವನ್ನು ಚಚ್ಚಿದ. ಜಡೆ ಹಿಡಿದು ನನ್ನನ್ನು ನೆಲಕ್ಕೆ ಕೆಡವಿ, ಅದೇ ಸುತ್ತಿಗೆಯನ್ನು ತಲೆಯ ಮೇಲೆ ಎತ್ತಿದ. ದಿನದ ಹಾಗೆ ಚಮಚ ಹಿಡಿದು ಆಗ ತಾನೇ ಬಂದ ವಿಠ್ಠಲ ಅಡ್ಡ ಕೈ ಕೊಟ್ಟ. ಅವನ ಮಣಿಕಟ್ಟಿನ ಚರ್ಮ ಒಡೆದು, ಮೂಳೆ ಲಟಕ್ಕೆಂದದ್ದು ನನಗೆ ಕೇಳಿಸಿತು. ನನಗೆ ಹುಚ್ಚೇ ಹಿಡಿಯಿತು. ಓಡುತ್ತಿದ್ದ ಮೆಷಿನ್ನನ್ನು ಅಣ್ಣನ ತೋಳಿಗೆ ಒತ್ತಿ ಕೆಳಗೆಳೆದೆ. ಚರ್ಮ ಕಿತ್ತು ಬಂತು. ಇಬ್ಬರ ರಕ್ತವೂ ನನ್ನ ಸೀರೆಯ ಮೇಲಿತ್ತು.

ಆಸ್ಪತ್ರೆಯಲ್ಲಿ ವಿಠ್ಠಲನ ಬಲಗೈಗೆ ಪ್ಲಾಸ್ಟರ್ ಹಾಕಿದರು. ನಾನು ಮಂಚದ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ.

"ಬೆರಳು ಮೊದಲಿನಂಗ ಆಡೂದಿಲ್ಲಂತ," ಎಂದ. "ಲ್ಯಾಬಿನ ಕೆಲಸ ಹೋದಂಗೇ."

"ನಾನದೀನಲ್ಲ. ದುಡಿದು ಹಾಕ್ತೀನಿ. ನಿಮ್ಮ ತಾಯಿ ಏನಂತಾರ?"

"ಬೈತಾಳ. ಆದ್ರ ನಿನ್ನಷ್ಟು ಜೋರಾಗಿ ಹೊಡಿಯೂದಿಲ್ಲ." ಆಮೇಲೆ ಮುಖ ಗಂಟು ಹಾಕಿಕೊಂಡ. "ಕೊಡದ ಮ್ಯಾಲೆ ನನ್ನ ಹೆಸರು ಬರೆಯೂ ಮೊದಲು ನನ್ನ ಕೇಳಬೇಕಿತ್ತು."

ನಾನು ಕಣ್ಣೊರೆಸಿಕೊಂಡೆ. "ಕೇಳಿದ್ರ ಏನಂತಿದ್ರಿ?"

"ಇನ್ನೂ ದೊಡ್ಡದಾಗಿ ಬರಿ ಅಂತಿದ್ದೆ."

ಅಷ್ಟರಲ್ಲಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡ ಅಣ್ಣ ಬಾಗಿಲಲ್ಲಿ ನಿಂತಿದ್ದ. "ನಡಿ ಮನಿಗೆ. ಇಲ್ಲಾಂದ್ರ ಇಬ್ಬರ್ನೂ ಇಲ್ಲೇ ಮುಗಸ್ತೀನಿ."

ನಾನು ಎದ್ದು ಅವನ ಮುಖಕ್ಕೆ ಮುಖ ಕೊಟ್ಟು ನಿಂತೆ. "ಹೊಡಿ. ಯಂಕಣ್ಣಗ ನನ್ನ ಹೆಣ ಕೊಡು. ನಾನಂತೂ ಬರಂಗಿಲ್ಲ."

ಅವನು ಕೈ ಎತ್ತಿದ. ಆದರೆ ಹೊಡೆಯದೆ ಕೆಳಗಿಳಿಸಿದ.

"ನಮ್ಮ ಪಾಲಿಗೆ ನೀ ಸತ್ತಿ," ಎಂದ. ಹಿಂದಿರುಗಿ ನೋಡದೆ ಹೋಗಿಬಿಟ್ಟ. ಎಷ್ಟಾದರೂ ಒಡಹುಟ್ಟಿದವನು, ಬಾಗಿಲವರೆಗೆ ಹೋದೆ.

ಆದರೂ ಅವನ ಹಿಂದೆ ಹೋಗಲಿಲ್ಲ. ಮಂಚದ ಆ ಬದಿಗೆ ಬಂದು ಕೂತು, ವಿಠ್ಠಲನ ಎಡಗೈ ಹಿಡಿದೆ.