ಗುರುವಾರ ಸಂಜೆಯ ಖಾಲಿ ಕುರ್ಚಿ

ತುಷಾರ್‌ಗೆ ಹೊಟ್ಟೆ ಉರಿಯುತ್ತಿತ್ತು. ಯಾಕೆ ಉರಿಯಬಾರದು ಹೇಳಿ? ಗೇರುಬೀಜದ ವ್ಯಾಪಾರಿ ಹ್ಯೂಬರ್ಟ್ ಅವರ ಕೊಟ್ಟಾರದ ಕಚೇರಿಗೆ ಟರ್ಮಿನಲ್ ಸರ್ವರ್ ತಂದು ಕೂರಿಸಿದವನೇ ಅವನು. ಕಂಪೆನಿಯ ಆರ್ಡರು, ದರ, ಪತ್ರವ್ಯವಹಾರ ಎಲ್ಲ ಆ ಒಂದೇ ಯಂತ್ರದೊಳಗೆ. ಸಿಬ್ಬಂದಿ ಮನೆಯಲ್ಲೇ ಕೂತು ಹೆಸರು, ಪಾಸ್‌ವರ್ಡ್ ಒತ್ತಿ ಒಳಗೆ ಬಂದರಾಯಿತು. ಊರಿಗೆಲ್ಲ ಮನೆಯಲ್ಲಿ ಕೂರುವ ಭಾಗ್ಯ ಕೊಟ್ಟವನು ತನಗೂ ಅದನ್ನು ಕೇಳಿದಾಗ ಹ್ಯೂಬರ್ಟ್ ನಕ್ಕುಬಿಟ್ಟಿದ್ದರು.

“ನೀನೂ ಮನೆಯಲ್ಲಿ ಕೂತ್ರೆ ಮಿಷನ್ ನೋಡುದು ಯಾರು ಮಾರಾಯ?”

ಅದನ್ನಾದರೂ ಹೇಗೋ ನುಂಗಿಕೊಂಡ. ಆದರೆ ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಅದು ಹೋದದ್ದು ಅತ್ತಾವರದ ಮನೆಯಿಂದಲೇ ಕೆಲಸ ಮಾಡುವ ಜಾನೆಟ್‌ಗೆ. ಗುತ್ತಿನ ಮನೆಯ ದೊಡ್ಡ ಜಮೀನ್ದಾರಿ ವಂಶದಲ್ಲಿ ಹುಟ್ಟಿದ ತಾನು ಎಸಿ ಕೋಣೆಯಲ್ಲಿ ಯಂತ್ರ ಕಾಯುವುದು, ಆಕೆ ಮನೆಯಲ್ಲಿ ಚಹಾ ಕುಡಿಯುತ್ತ ತನಗೆ ಅಪ್ಪಣೆ ಕೊಡುವುದು! ಆ ಹುದ್ದೆ ತನಗೆ ಬರಬೇಕಾದರೆ ಅವಳು ಕಳ್ಳಿಯೆನಿಸಿಕೊಂಡು ಹೊರಬೀಳಬೇಕಿತ್ತು.

ಉಪಾಯ ಸರಳವಾಗಿತ್ತು. ಜಾನೆಟ್ ಹೆಸರಿನಲ್ಲಿ ಒಳಹೊಕ್ಕು, ಹೊಸ ಹಂಗಾಮಿನ ಗುಟ್ಟಿನ ದರಪಟ್ಟಿಯನ್ನು ಬಂದರಿನ ಪ್ರತಿಸ್ಪರ್ಧಿಗೆ ಅವಳದೇ ಮೇಲ್‌ನಿಂದ ಕಳಿಸುವುದು. ಮರುದಿನ ತಾನೇ ಅದನ್ನು ಪತ್ತೆಹಚ್ಚುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ತೊಡಕು ಒಂದೇ. ಒಂದು ಹೆಸರಿನಲ್ಲಿ ಇಬ್ಬರು ಹೊಕ್ಕರೆ ಮೊದಲಿದ್ದವರನ್ನು ಯಂತ್ರ ಹೊರಗೆ ಹಾಕುತ್ತದೆ. ಜಾನೆಟ್ ಕೆಲಸದಲ್ಲಿದ್ದರೆ ಆ ಕ್ಷಣವೇ ಫೋನು ಮಾಡಿಯಾಳು. ಆದ್ದರಿಂದ ತುಷಾರ್ ಅವಳ ಹೋಗಿಬರುವಿಕೆಯ ದಾಖಲೆಯನ್ನು ಜಾತಕ ನೋಡುವ ಜೋಯಿಸರ ಹಾಗೆ ಓದಿದ. ಸಿಬ್ಬಂದಿಯಲ್ಲಿ ಯಾರು ಯಾವಾಗ ಬರುತ್ತಾರೆ, ಯಾವಾಗ ಏಳುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಎದ್ದು ಎಲ್ಲಿಗೆ ಹೋಗುತ್ತಾರೆಂಬ ಕೆಟ್ಟ ಕುತೂಹಲ ಮಾತ್ರ ಅವನಿಗಿರಲಿಲ್ಲ. ಗುರುವಾರ ಸಂಜೆ ಜಾನೆಟ್ ಹೆಸರು ಪರದೆಯ ಮೇಲೆ ಇರುವುದೇ ಇಲ್ಲ. ಒಂದು ವಾರವೂ ತಪ್ಪಿದ್ದಿಲ್ಲ. ಸಾಲದ್ದಕ್ಕೆ ಅದೇ ಹೊತ್ತಿಗೆ ಹ್ಯೂಬರ್ಟ್ ಕೂಡ ಕಚೇರಿಯಿಂದ ಬೇಗ ಹೊರಡುತ್ತಾರೆ. ದೇವರೇ ಕೊಟ್ಟ ಅವಕಾಶ ಎಂದುಕೊಂಡ.

ಗುರುವಾರ ಸಂಜೆ ಕೆಲಸ ಮುಗಿಯಿತು. ಯಾವ ಕಂಪ್ಯೂಟರಿನಿಂದ ಬಂದದ್ದೆಂಬ ಗುರುತನ್ನು ಒರೆಸಿದ. ಯಾರ ಹೆಸರಿನಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಜೋಪಾನವಾಗಿ ಉಳಿಸಿದ. ಸಾಕ್ಷಿ ಬೇಕಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗೋಳಿಬಜೆ ಕಟ್ಟಿಸಿಕೊಂಡ.

ಶುಕ್ರವಾರ ಬೆಳಿಗ್ಗೆ ಸತ್ತವರ ಮನೆಗೆ ಬಂದವನ ಮುಖ ಹೊತ್ತು ಹ್ಯೂಬರ್ಟರ ಕೋಣೆಗೆ ಹೋದ. ಹೇಳಲು ನಾಲಿಗೆ ಬರುವುದಿಲ್ಲ, ಆದರೆ ಅನ್ನ ಕೊಟ್ಟ ಕಂಪೆನಿ ಎಂದು ಪೀಠಿಕೆ ಹಾಕಿ ದಾಖಲೆಯನ್ನು ಮುಂದಿಟ್ಟ. ಹ್ಯೂಬರ್ಟ್ ಓದಿದರು. ಮೇಲ್ ಹೋದ ಹೊತ್ತಿನ ಮೇಲೆ ಬೆರಳಿಟ್ಟು, ಇದು ತಪ್ಪಿರಬಹುದೇ ಎಂದು ಕೇಳಿದರು. ಸರ್ವರ್‌ನ ಗಡಿಯಾರ ತಪ್ಪುವುದೇ ಇಲ್ಲವೆಂದು ತುಷಾರ್ ಆಣೆ ಹಾಕಿದ.

“ಜಾನೆಟ್‌ನ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತುಂಟಾ?”

“ಅವರನ್ನು ಬಿಟ್ರೆ ನನಗೆ ಮಾತ್ರ ಸರ್.” ಕೆಲಸದ ಹೆಮ್ಮೆ ತಡೆಯಲಾಗಲಿಲ್ಲ. “ಬೇರೆ ನರಪಿಳ್ಳೆಗೂ ಸಿಗದ ಹಾಗೆ ಇಟ್ಟಿದ್ದೇನೆ.”

ಹ್ಯೂಬರ್ಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. “ಪ್ರತಿ ಗುರುವಾರ ಸಂಜೆ ನಮ್ಮ ಇಗರ್ಜಿಯಲ್ಲಿ ನೊವೆನಾ ಪ್ರಾರ್ಥನೆ ಉಂಟು ತುಷಾರ್. ನಿನ್ನೆ ಈ ದಾಖಲೆಯಲ್ಲಿರುವ ಹೊತ್ತಿಗೆ ನಾನು ಎದುರಿನ ಬೆಂಚಿನಲ್ಲೇ ಕೂತಿದ್ದೆ. ಜಾನೆಟ್ ನನ್ನ ಕಣ್ಣೆದುರೇ ಮೈಕ್ ಹಿಡಿದು ಹಾಡ್ತಾ ಇದ್ದಳು.”